ಚೆಲ್ಲಿದ ಅರ್ಧ ಜಗ್ಗು

ನಾನು ಒಂದು ಸ್ಟೀಲಿನ ಜಗ್ಗು. ಕಾರ್ಖಾನೆಯಲ್ಲಿ ತಗಡನ್ನು ಒತ್ತಿ, ಬಾಗಿಸಿ, ಉಜ್ಜಿ ನನ್ನನ್ನು ಮಾಡಿದರು. ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ಕೊಡಗಳ ನಡುವೆ ಕೂತಿದ್ದಾಗ ಮಹಾನಂದಾ ನನ್ನ ಹೊಟ್ಟೆಗೆ ಬೆರಳಿನಿಂದ ಬಡಿದು, ಸಪ್ಪಳ ಕೇಳಿ, ಮನೆಗೆ ತಂದಳು. ಅಲ್ಲಿ ಉಂಡವರಿಗೆಲ್ಲ ನೀರು ಕೊಟ್ಟು ನಾನು ಸ್ವಲ್ಪ ಸೊಕ್ಕಿನಲ್ಲೇ ಇದ್ದೆ. ಹೊಟ್ಟೆ ತುಂಬಿಸುವುದೇ ನನ್ನ ಕೆಲಸ ಅಂದುಕೊಂಡಿದ್ದೆ. ಖಾಲಿ ಮಾಡಿಸುವ ಕೆಲಸವೂ ನನ್ನ ಪಾಲಿಗೆ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಮಹಾನಂದಾಳ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ, ನೀಲವ್ವ. ಅವಳ ಅಂಡಾಶಯದಲ್ಲಿ ಗಡ್ಡೆ ಬೆಳೆದು ಕರುಳಿಗೆ ಅಂಟಿಕೊಂಡಿತ್ತು. ಆಪರೇಷನ್ನಿನ ಹಿಂದಿನ ಸಂಜೆ ಆಸ್ಪತ್ರೆಯ ನರ್ಸಮ್ಮ, ಮನೆಯಿಂದ ಜೊತೆಗೆ ಹೋಗಿದ್ದ ನನ್ನ ತುಂಬ ನೀರು ಹಾಕಿ, ಭೇದಿಯ ಪುಡಿ ಕದಡಿ, "ಇಷ್ಟೂ ಕುಡಿಸ್ರಿ. ಕರುಳು ಕತ್ತರಿಸೂದು ಬಂದ್ರ ಒಳಗ ಸ್ವಚ್ಛ ಇರಬೇಕು," ಎಂದು ಮಹಾನಂದಾಳಿಗೆ ಒಪ್ಪಿಸಿ ಹೋದಳು.

ಉಪ್ಪುಪ್ಪು ನೀರು. ನೀಲವ್ವ ಕುಡಿದಳು, ಕಕ್ಕಿದಳು, ಮತ್ತೆ ಕುಡಿದಳು. ವಾರ್ಡಿಗೆಲ್ಲ ಒಂದೇ ಪಾಯಖಾನೆ. ಅದರ ಎದುರಿಗೇ ಬೇರೆ ರೋಗಿಗಳ ಮನೆಯ ಗಂಡಸರು ಕೂತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು ಅವರ ಮುಂದೆ ಓಡಾಡಿ ಓಡಾಡಿ ನೀಲವ್ವ ನಾಚಿಕೆಯಿಂದ ಕುಗ್ಗಿಹೋದಳು.

"ಇನ್ನ ಆಗೂದಿಲ್ಲವಾ. ನಿನ್ನ ಕಾಲಿಗೆ ಬೀಳ್ತೀನಿ, ಇದನ್ನ ಚೆಲ್ಲಿಬಿಡು."

ಹಿರಿಯಳು ಕಾಲಿಗೆ ಬೀಳುವ ಮಾತಾಡಿದ್ದನ್ನು ಮಹಾನಂದಾಳಿಗೆ ತಡೆದುಕೊಳ್ಳಲಾಗಲಿಲ್ಲ. ನನ್ನನ್ನು ಎತ್ತಿ, ಉಳಿದಿದ್ದ ಅರ್ಧ ನೀರನ್ನು ಮೋರಿಗೆ ಬಗ್ಗಿಸಿದಳು. ನರ್ಸಮ್ಮ ಬಂದು ಕೇಳಿದಾಗ, "ಎಲ್ಲಾ ಕುಡದಾರ್ರಿ, ನೀರಿನಂಗ ಹೋಗಾಕತ್ತೇತಿ," ಅಂದಳು. ಬರಿದಾಗಿ ಪಕ್ಕದಲ್ಲೇ ಕೂತಿದ್ದ ನಾನು ಆ ಸುಳ್ಳಿಗೆ ಸಾಕ್ಷಿಯಾದೆ.

ಮರುದಿನ ಕರುಳನ್ನು ಕತ್ತರಿಸಲೇಬೇಕಾಯಿತು. ಒಳಗೆ ಸ್ವಚ್ಛವಿರಲಿಲ್ಲ. ಅಲ್ಲೇ ಜೋಡಿಸಿದರೆ ನಂಜಾದೀತೆಂದು ಡಾಕ್ಟರು ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟಿದರು. ಕೆಲವು ತಿಂಗಳ ಮೇಲೆ ಮತ್ತೊಂದು ಆಪರೇಷನ್ ಮಾಡಿ ಒಳಗೆ ಸೇರಿಸೋಣ ಎಂದರು. ಗಡ್ಡೆ ಹೋಯಿತು, ಜೀವ ಉಳಿಯಿತು. ಮಲ ಮಾತ್ರ ಚೀಲಕ್ಕೆ ಬೀಳತೊಡಗಿತು.

ಆ ಚೀಲವನ್ನು ದಿನವೂ ತೊಳೆದವಳು ಮಹಾನಂದಾ. ನೀರು ಹೊಯ್ದವನು ನಾನು. ಬಂದವರೆದುರು ನೀಲವ್ವ, "ಹಡದ ತಾಯಿನೂ ಇಷ್ಟು ಮಾಡೂದಿಲ್ಲ," ಎಂದು ಹೊಗಳುತ್ತಿದ್ದಳು. ಮಹಾನಂದಾ ತಲೆ ತಗ್ಗಿಸಿ ಬಚ್ಚಲಿಗೆ ಹೋಗಿಬಿಡುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಹೊಗಳಿಕೆ ಅವಳನ್ನು ಸುಡುತ್ತಿತ್ತು.

ಎರಡನೆಯ ಆಪರೇಷನ್ನಿಗೂ ಅದೇ ಪುಡಿ, ಅದೇ ನೀರು, ಅದೇ ನಾನು. ಅರ್ಧಕ್ಕೆ ಬಂದಾಗ ನೀಲವ್ವ ಮತ್ತೆ, "ಚೆಲ್ಲವಾ," ಅಂದಳು.

ಮಹಾನಂದಾ ನನ್ನನ್ನು ಎದೆಗವಚಿಕೊಂಡು ಅತ್ತುಬಿಟ್ಟಳು. "ಇಲ್ರೀ ಅಕ್ಕಾರ. ಅವತ್ತ ಚೆಲ್ಲಿದ್ದಕ್ಕ ಈ ಚೀಲ ಬಂತು. ನರ್ಸಮ್ಮಗ ನಾ ಸುಳ್ಳ ಹೇಳಿದ್ನಿ."

ನೀಲವ್ವ, "ಚೆಲ್ಲು ಅಂದಾಕಿ ನಾನ," ಎಂದಷ್ಟೇ ಹೇಳಿ ಲೋಟ ಮುಂದೆ ಹಿಡಿದಳು. ಒಂದು ಹನಿ ಬಿಡದೆ ಕುಡಿದಳು.

ಚೀಲ ಹೋಗಿ ಎಷ್ಟೋ ಕಾಲವಾಯಿತು. ನನ್ನನ್ನು ನೋಡುವುದೇ ಕಷ್ಟವಾಗಿ ಮಹಾನಂದಾ ನನ್ನನ್ನು ನೀಲವ್ವನ ಮನೆಗೆ ಕೊಟ್ಟುಬಿಟ್ಟಳು. ಈಗ ನನ್ನ ಹಿಡಿ ಅಲುಗಾಡುತ್ತದೆ, ತಳ ನೆಗ್ಗಿದೆ, ಅಡುಗೆಮನೆಯ ಮೂಲೆಯೇ ನನ್ನ ಜಾಗ. ನೀಲವ್ವ ಆ ಸಂಗತಿಯನ್ನು ಎಂದೋ ಮರೆತಿದ್ದಾಳೆ. ಮಹಾನಂದಾ ಬಂದಾಗ ನನ್ನ ತುಂಬ ಮಜ್ಜಿಗೆ ಮಾಡಿ, ಹರಟುತ್ತ ಹರಟುತ್ತ ಲೋಟಕ್ಕೆ ಸುರಿಯುತ್ತಲೇ ಇರುತ್ತಾಳೆ. ನಾನು ಬರಿದಾಗುವವರೆಗೂ ಮಹಾನಂದಾ ಕುಡಿಯುತ್ತಾಳೆ. ಹೊಟ್ಟೆ ಬಿರಿಯುವಂತಾದರೂ ಆ ಮನೆಯಲ್ಲಿ ಅವಳು ಸಾಕು ಅನ್ನುವುದಿಲ್ಲ.