ಏಣಿಯ ತುದಿಯ ಹಿಡಿ

ಜಿಗಣಿಯ ಶೆಡ್ಡೊಂದರಲ್ಲಿ ಒಳಗೇ ಮಲಗಿ ಉಣ್ಣುವಂಥ ಕ್ಯಾರವಾನ್ ಗಾಡಿಗಳಿಗೆ ಏಣಿ ವೆಲ್ಡಿಂಗ್ ಮಾಡುವ ಕೆಲಸ ಮಹಾನಂದಾಳದು. ಆ ಮುಂಜಾನೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಅಂಗಳದಲ್ಲಿದ್ದ ಹೊಸ ಗಾಡಿ ನೀರಿನ ಮೇಲೆ ತೇಲುವಂತೆ ಕಾಣುತ್ತಿತ್ತು. ಅದನ್ನು ಮಾಡಿಸಿದ್ದ ಆನೇಕಲ್ಲಿನ ಈಶ್ವರಮ್ಮ ಬಂದವರೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಹಿಂಬದಿಯ ಏಣಿ ಹತ್ತತೊಡಗಿದರು. ಗಾಡಿಯ ಮೇಲೆ ಮಲಗಿ ಆಕಾಶ ನೋಡಬೇಕೆಂಬುದು ಅವರ ಬಹುದಿನದ ಆಸೆ.

ಕೊನೆಯ ಮೆಟ್ಟಿಲಲ್ಲಿ ಅವರ ಕೈ ಬರೀ ಮಂಜನ್ನು ತಡಕಾಡಿತು.

“ಇಡ್ಕೊಳ್ಳೋಕೆ ಏನೂ ಇಲ್ವಲ್ಲವ್ವಾ!”

ಇಬ್ಬನಿಗೆ ಕಾಲು ಜಾರಿತು. ಕೆಳಗಿದ್ದ ಮಹಾನಂದಾ ಸರ್ರನೆ ಹತ್ತಿ ಅವರ ಬೆನ್ನಿಗೆ ಭುಜ ಕೊಟ್ಟಳು. “ನಾ ಅದೀನ್ರಿ ಅಮ್ಮಾರ, ಸಾವಕಾಶ ಇಳೀರಿ.”

ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು. ಮಹಾನಂದಾ ಅಂದೇ ಏಣಿಯ ಎರಡೂ ಕಂಬಿಗಳನ್ನು ಛಾವಣಿಗಿಂತ ಎತ್ತರಕ್ಕೆ ಉದ್ದ ಮಾಡಿ, ಹಿಡಿಯಂತೆ ಬಾಗಿಸಿದಳು. ಮೆಟ್ಟಿಲುಗಳಿಗೆ ಒರಟು ಪಟ್ಟಿ ಅಂಟಿಸಿದಳು.

ಸಂಜೆ ಈಶ್ವರಮ್ಮ ಮತ್ತೆ ಹತ್ತಿದರು. ಈ ಸಲ ಏಣಿ ಅವರ ಕೈ ಬಿಡಲಿಲ್ಲ. ಮೇಲೆ ಕುಳಿತು, “ನೀನೂ ಬಾರವ್ವಾ” ಎಂದು ಕರೆದರು. ಅಷ್ಟು ಏಣಿ ಮಾಡಿದ್ದರೂ ಮಹಾನಂದಾ ಯಾವ ಗಾಡಿಯ ಮೇಲೂ ಹೀಗೆ ಕುಳಿತಿರಲಿಲ್ಲ. ಅವಳೂ ಹತ್ತಿ ಪಕ್ಕದಲ್ಲಿ ಕುಳಿತಳು. ಕಾರ್ಖಾನೆಗಳ ತಗಡಿನ ಛಾವಣಿಗಳು ಕೆಂಪು ಬೆಳಕಿನಲ್ಲಿ ಕರಗುತ್ತಿದ್ದವು. ಕೊಕ್ಕರೆಗಳು ಸದ್ದಿಲ್ಲದೆ ಹಾದುಹೋದವು. ಇಬ್ಬರೂ ಪಕ್ಕಪಕ್ಕದಲ್ಲಿ ಮಲಗಿದರು. ಕೆಳಗೆ ನೆಲವಿದೆ ಎಂಬುದೇ ಸ್ವಲ್ಪ ಹೊತ್ತು ಅವರಿಗೆ ಮರೆತುಹೋಯಿತು.