ಸಿವಿಕ್ ಓಡಿಸಿದ್ದು ಯಾರು

ದಹಾಮ್ ಮೊದಲು ಮುರಿದದ್ದು ಕಾರಿನ ಗಾಜನ್ನಲ್ಲ, ಮುತಿಬ್‌ನ ಮುಂಗೈಯನ್ನು. ಬುರೈದಾ ಊರಾಚೆಯ ಹಳೆ ಕಾರುಗಳ ಹರಾಜು ಮೈದಾನದ ಹಿಂದಿನ ಗೇಟಿನಲ್ಲಿ, ಜ್ಯಾಕ್ ಸರಳಿನ ಒಂದೇ ಏಟಿಗೆ ಮೂಳೆ ಲಟಕ್ಕೆಂದಿತು. ಕಾರಿನೊಳಗೆ ಕೂತಿದ್ದ ಮುತಿಬ್‌ನ ಅಕ್ಕ ಉಹೂದ್‌ಗೂ ಅದು ಕೇಳಿಸಿತು.

ಕಾರು ಅವಳದು. ಅವಳದಾಗಿ ಅರ್ಧ ಗಂಟೆಯೂ ಆಗಿರಲಿಲ್ಲ.

ಉಹೂದ್ ಉನೈಝಾದ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತೆಗೆಯುವವಳು. ಲೈಸೆನ್ಸ್ ಬಂದದ್ದು ಹಿಂದಿನ ತಿಂಗಳು. ಅಪ್ಪನ ನಂತರ ಮನೆಗೆ ಹಿರಿಯನಾದ ಚಿಕ್ಕಪ್ಪ ಫುಹೈದ್ ಅಡ್ಡಿ ಮಾಡಲಿಲ್ಲ, ಒಂದು ಷರತ್ತು ಹಾಕಿದ: ನಮ್ಮ ಮನೆಯ ಹೆಣ್ಣಿನ ಹೆಸರು ಪೊಲೀಸ್ ಠಾಣೆಯಲ್ಲಿ ಒಂದೇ ಒಂದು ಸಲ ಕೇಳಿಬಂದರೂ, ಅವಳು ಸ್ಟಿಯರಿಂಗ್ ಮುಟ್ಟುವುದು ಅಲ್ಲಿಗೆ ಮುಗಿಯಿತು.

ಹರಾಜಿನಲ್ಲಿ ಮುತಿಬ್ ಅವಳಿಗೆ ಯಾರಿಸ್ ಎಂಬ ಸಣ್ಣ ಕಾರು ತೆಗೆದುಕೋ ಎಂದಿದ್ದ. ಅವಳು ಅದನ್ನು ಒಂದು ಸುತ್ತು ಓಡಿಸಿ ನೋಡಿ ಕೀಲಿ ವಾಪಸು ಕೊಟ್ಟಳು. "ಒಳ್ಳೇ ಕಾರೇ ಕಣೋ. ಆದ್ರೆ ಫ್ರಿಜ್ ಓಡಿಸಿದ ಹಾಗಾಗುತ್ತೆ." ಅವಳ ಕಣ್ಣು ಎರಡು ಬಾಗಿಲಿನ ಹಳೆಯ ಹೋಂಡಾ ಸಿವಿಕ್ ಮೇಲಿತ್ತು. ಕೈಯಲ್ಲೇ ಹಾಕಬೇಕಾದ ಗೇರು, ಬಿಸಿಲಿಗೆ ಬಿಳುಚಿದ ಬಣ್ಣ, ಬಾಗಿಲಲ್ಲಿ ತಗ್ಗು. ಅದಕ್ಕೇ ಅವಳ ಸಂಬಳಕ್ಕೆ ಎಟುಕುವಂತಿತ್ತು. ತಣ್ಣಗಿರುವಾಗ ಚಾಲೂ ಮಾಡಿಸಿ ಎಂಜಿನ್ನಿನ ಸದ್ದು ಕೇಳಿದಳು. ಸದ್ದಿನಲ್ಲಿ ಸುಳ್ಳಿರಲಿಲ್ಲ.

ಅದೇ ಕಾರನ್ನು ಬೆಳಗಿನಿಂದ ಸುತ್ತುತ್ತಿದ್ದವನು ದಹಾಮ್. ಹೆದ್ದಾರಿಯಲ್ಲಿ ವೇಗವಾಗಿ ಬಂದು ಕಾರನ್ನು ಅಡ್ಡಡ್ಡ ತಿರುಗಿಸುವ ಹುಡುಗರ ಗುಂಪಿಗೆ ಅವನು ನಾಯಕ. ಹಿಂದಿನ ವರ್ಷ ನೋಡಲು ನಿಂತವರ ಮೇಲೆ ಕಾರು ನುಗ್ಗಿಸಿ ಒಬ್ಬನ ಕಾಲು ಕಳೆದಿದ್ದ.

ಹರಾಜಿನವನು ಪಿಕಪ್ ಮೇಲೆ ನಿಂತು ಮೈಕಿನಲ್ಲಿ ಕೂಗಿದ: "ಕಬ್ಬಿಣದ ರಾಶಿ, ನೀರಿಗೆ ಬಿದ್ದ ಉಪ್ಪು." ಕೊಂಡ ಮೇಲೆ ದೂರು ತರಬೇಡಿ ಎಂಬುದಕ್ಕೆ ಅಲ್ಲಿನವರು ಹೇಳುವ ಮಾತು. ಮೊದಲ ಬೆಲೆ ಕೂಗಿದವಳು ಉಹೂದ್. ಮೈದಾನ ಸುಮ್ಮನಾಯಿತು. ಹೆಣ್ಣಿನ ಎದುರು ಬೆಲೆ ಏರಿಸುವುದು ಗಂಡಸರಿಗೆ ನಾಚಿಕೆಗೇಡು. ಎಲ್ಲರೂ ದಹಾಮ್‌ನತ್ತ ನೋಡಿದರು. ಅವನು ಬಾಯಿ ತೆರೆದು ಮುಚ್ಚಿದ. ಕಾರು ಮೊದಲ ಕೂಗಿಗೇ ಅವಳಿಗೆ ಹೋಯಿತು.

ಮುತಿಬ್ ಅಲ್ಲಿ ತಪ್ಪು ಮಾಡಿದ. ಆ ಮೌನವನ್ನು ಮರ್ಯಾದೆ ಎಂದು ತಿಳಿದು, ನೇರ ಹೋಗಿ ದಹಾಮ್‌ನ ಕೈ ಹಿಡಿದು, "ದೇವರು ನಿನ್ನ ಮುಖ ಬೆಳ್ಳಗೆ ಇಟ್ಟಿರಲಿ" ಎಂದ. ದೊಡ್ಡ ಮನಸ್ಸು ತೋರಿದವನಿಗೆ ಹೇಳುವ ಮಾತು ಅದು. ಸುತ್ತ ನಿಂತವರು ಅದನ್ನು ಅಣಕವೆಂದುಕೊಂಡು ನಕ್ಕರು.

ಗೇಟಿನಲ್ಲಿ ದಹಾಮ್ ಇನ್ನೊಬ್ಬನನ್ನು ಕರೆದುಕೊಂಡು ಅಡ್ಡ ನಿಂತಿದ್ದ. ಮಾತಾಡಲು ಇಳಿದ ಮುತಿಬ್‌ನ ಕೈ ಮುರಿಯಿತು. ಎರಡನೇ ಏಟಿಗೆ ಮುಂಗಾಜು ಒಡೆದು ಚೂರುಗಳು ಉಹೂದ್‌ಳ ಮಡಿಲಿಗೆ ಬಿದ್ದವು. "ಕೀಲಿ ಬಿಸಾಕು," ಎಂದ ದಹಾಮ್. "ಇಲ್ದಿದ್ರೆ ನಿನ್ ತಮ್ಮನ ತಲೆ ಚೂರು ಆರಿಸ್ಕೊಳ್ಳುವಿಯಂತೆ."

ಅವಳು ಅಲುಗಲಿಲ್ಲ. ಅವನು ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು, ಕಾಲಬುಡದಲ್ಲಿ ಬಿದ್ದಿದ್ದ ಮುತಿಬ್‌ನ ಪಕ್ಕೆಗೆ ಒದ್ದ. ಮುತಿಬ್ ಕಾರಿನ ದಾರಿ ಬಿಟ್ಟು ಎಡಕ್ಕೆ ಉರುಳಿದ. ದಹಾಮ್ ಸರಳನ್ನು ಎರಡೂ ಕೈಯಲ್ಲಿ ಮೇಲೆತ್ತಿದ. ಗುರಿ ತಲೆ. ಉಹೂದ್ ಮೊದಲ ಗೇರು ಹಾಕಿ, ಸ್ಟಿಯರಿಂಗ್ ಬಲಕ್ಕೆ ಎಳೆದು, ಕ್ಲಚ್ ಬಿಟ್ಟಳು. ಕಾರು ಜಿಗಿಯಿತು. ಬಂಪರಿಗೂ ಕಂಬಕ್ಕೂ ನಡುವೆ ದಹಾಮ್‌ನ ಕಾಲು ಸಿಕ್ಕಿತು. ಅವಳು ಹಿಂದೆ ತೆಗೆದಾಗ ಅವನು ಕುಸಿದ. ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಮೊಣಕಾಲಿನ ಕೆಳಗೆ ಎರಡೂ ಮೂಳೆ ಹೋಗಿವೆಯೆಂದು ಅವಳಿಗೆ ಚಿತ್ರ ತೆಗೆಯದೆಯೇ ಗೊತ್ತಾಯಿತು. ಜೊತೆಗಾರ ಓಡಿಹೋಗಿದ್ದ.

ಸಂಜೆ ಠಾಣೆಗೆ ಎರಡೂ ಮನೆಯ ಹಿರಿಯರು ಬಂದರು. ದಹಾಮ್‌ನ ಅಪ್ಪ ಪರಿಹಾರ ಕೇಳಲಿಲ್ಲ. ಮಗ ಹೆಣ್ಣಿನ ಕೈಯಲ್ಲಿ ಕಾಲು ಮುರಿಸಿಕೊಂಡ ಎಂಬ ಮಾತು ಊರಿಗೆ ಹೋಗಬಾರದು, ಕಾರು ಓಡಿಸಿದ್ದು ಅವಳ ತಮ್ಮ ಎಂದಾಗಲಿ, ನಾವು ಕ್ಷಮಿಸುತ್ತೇವೆ ಎಂದ. ಫುಹೈದ್ ಆ ಮಾತು ಮುಗಿಯುವ ಮೊದಲೇ ಒಪ್ಪಿದ. ಅವರು ಕ್ಷಮಿಸಿದರೂ ಸರ್ಕಾರದ ಪಾಲಿನ ಶಿಕ್ಷೆ ತಪ್ಪುವುದಿಲ್ಲ, ಮುತಿಬ್ ಕೆಲವು ತಿಂಗಳು ಜೈಲಿನಲ್ಲಿರಬೇಕಾದೀತು ಎಂದ ಅಧಿಕಾರಿ. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ ಮುತಿಬ್ ಆಗಲಿ ಎಂದು ತಲೆಯಾಡಿಸಿದ.

"ಓಡಿಸಿದ್ದು ನಾನು," ಎಂದಳು ಉಹೂದ್.

"ಅಕ್ಕಾ, ಸುಮ್ನಿರು. ನಿನ್ ಕಾರು ನಿನ್ ಹತ್ರಾನೇ ಉಳಿಯುತ್ತೆ."

"ನೀನು ಒಳಗೆ ಕೂತಿರ್ತೀಯ, ನಾನು ಅದನ್ನ ಓಡಿಸ್ಕೊಂಡು ಎಲ್ಲಿಗೆ ಹೋಗ್ಲಿ?"

ಫುಹೈದ್ ಎದ್ದು ಅವಳ ಕೆನ್ನೆಗೆ ಹೊಡೆದ. ತುಟಿ ಹಲ್ಲಿಗೆ ತಾಗಿ ಸೀಳಿತು. ಅಧಿಕಾರಿ ಅವನ ತೋಳು ಹಿಡಿದು ಕೂರಿಸಿದ. ಅವಳು ಮುಸುಕಿನ ಅಂಚಿನಿಂದ ರಕ್ತ ಒರೆಸಿಕೊಂಡು, ಅದೇ ಮಾತನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ, ಲೈಸೆನ್ಸನ್ನು ಮೇಜಿನ ಮೇಲಿಟ್ಟಳು. ಫುಹೈದ್ ಅವಳತ್ತ ನೋಡದೆ ಹೊರಟುಹೋದ. ಅಧಿಕಾರಿ ಲೈಸೆನ್ಸನ್ನು ತೆಗೆದುಕೊಂಡ.

ಮಹಿಳೆಯರನ್ನು ಬಂಧನದಲ್ಲಿಡುವ ಕೋಣೆಗೆ ಅವಳನ್ನು ಕರೆದೊಯ್ದವಳು ಬದರ್ಯಾ ಎಂಬ ಪೊಲೀಸಿನವಳು. ಬಾಗಿಲು ಹಾಕಿದವಳು ಅಲ್ಲೇ ನಿಂತಳು.

"ನನಗೂ ಮೊನ್ನೆ ಲೈಸೆನ್ಸ್ ಸಿಕ್ತು," ಎಂದಳು ಮೆಲ್ಲಗೆ. "ಮನೇಲಿ ಯಾರಿಸ್ ತಗೋ ಅಂತಾರೆ. ಆ ಸಿವಿಕ್ ಹೇಗಿತ್ತು?"

ಉಹೂದ್ ಸೀಳಿದ ತುಟಿಯನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು.

"ಕ್ಲಚ್ ಸ್ವಲ್ಪ ಗಟ್ಟಿ," ಎಂದಳು. "ಆದ್ರೆ ಹೇಳಿದ ಕಡೆ ಹೋಗುತ್ತೆ."