ಏನೂ ಕೇಳದ ಮೇಲ್

ನಾನು ಮಾಡೋದು ಕಸ ಗುಡಿಸೋ ಕೆಲಸ. ಹಾಗಂದ್ರೆ ಜನ ನಗ್ತಾರೆ, ನಗಲಿ. ಜನರ ಇಮೇಲ್ ಡಬ್ಬಿಗೆ ಕಳ್ಳರು ತುರುಕೋ ಸ್ಪ್ಯಾಮನ್ನ ಹಿಡಿದು ಪಕ್ಕಕ್ಕೆ ತಳ್ಳೋ ಫಿಲ್ಟರ್ ಇದೆಯಲ್ಲ, ಅದನ್ನ ನೋಡಿಕೊಳ್ಳೋದು ನನ್ನ ಪಾಲಿಗೆ ಬಂದಿದೆ. ಇವತ್ತು ಗುಡಿಸಿದ್ರೆ ನಾಳೆ ಬೇರೆ ಬಣ್ಣದ ಕಸ. ‘ಲಾಟರಿ’ ಅನ್ನೋ ಪದ ಹಿಡಿದ್ವಿ, ಅಕ್ಷರದ ಮಧ್ಯೆ ಚುಕ್ಕಿ ಇಟ್ಟು ನುಗ್ಗಿಸಿದರು. ಚುಕ್ಕಿ ಹಿಡಿದ್ವಿ, ಪದಾನೇ ಬಿಟ್ಟು ಚಿತ್ರ ಕಳಿಸಿದರು. ದರಿದ್ರದವರು! ಅಷ್ಟು ಬುದ್ಧಿಯನ್ನ ನೆಟ್ಟಗಿರೋ ಕೆಲಸಕ್ಕೆ ಹಾಕಿದ್ದಿದ್ರೆ ಇಷ್ಟೊತ್ತಿಗೆ ಎಲ್ಲಿರ್ತಿದ್ರೋ.

ಆದ್ರೂ ಒಂದು ಧೈರ್ಯ ಇತ್ತು. ಎಷ್ಟೇ ವೇಷ ಹಾಕಿದ್ರೂ ಕಳ್ಳ ಕೊನೆಗೆ ಏನಾದ್ರೂ ಕೇಳಲೇಬೇಕು. ಈ ಲಿಂಕ್ ಒತ್ತಿ, ಆ ನಂಬರ್ ಕೊಡಿ ಅಂತ. ಅವನು ಕೇಳಿದ ತಕ್ಷಣ ನಮ್ಮ ಫಿಲ್ಟರ್ ಕುತ್ತಿಗೆಪಟ್ಟಿ ಹಿಡೀತಿತ್ತು.

ಈ ವರ್ಷ ಅವರು ಕೇಳೋದನ್ನೇ ಬಿಟ್ಟರು. ‘ಅಮ್ಮ, ನಾನು. ಫೋನ್ ಕಳೆದುಹೋಗಿತ್ತು, ಇದು ಹೊಸ ಐಡಿ. ಹೇಗಿದ್ದೀಯ?’ ಅಷ್ಟೇ. ಲಿಂಕಿಲ್ಲ, ಚಿತ್ರವಿಲ್ಲ. ಕೇಳೋದೆಲ್ಲ ಆಮೇಲೆ, ಅಮ್ಮ ಉತ್ತರ ಬರೆದು ಕರಗಿಹೋದ ಮೇಲೆ. ಮೊದಲನೇ ಮೇಲ್‌ನಲ್ಲಿ ಹಿಡಿಯೋಕೆ ಏನೂ ಇಲ್ಲ. ಎಣ್ಣೆ ಸವರಿಕೊಂಡು ಬಂದವನನ್ನ ಹಿಡಿದ ಹಾಗಿತ್ತು ನಮ್ಮ ಪಾಡು.

ಅದರಲ್ಲೊಂದು ನಮ್ಮ ದೊಡ್ಡಮ್ಮನ ಡಬ್ಬಿಗೂ ಬಿತ್ತು.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಅಮ್ಮ ಹೋದ ಮೇಲೆ ಹೊಲಿಗೆ ಮೆಷಿನ್ ತುಳಿದು ನನ್ನ ಸಾಕಿದವಳು, ಈಗ ನನ್ನ ಜೊತೆಗೇ ಇದ್ದಾಳೆ. ಅವಳಿಗೊಬ್ಬ ಮಗ, ನನಗೆ ಅಣ್ಣ. ಒಂದು ಬೆಳಿಗ್ಗೆ ಅವನಿಗೂ ದೊಡ್ಡಪ್ಪನಿಗೂ ಮಾತಿಗೆ ಮಾತು ಬೆಳೆದು, ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟವನು ತಿರುಗಿ ಬರಲಿಲ್ಲ. ಆಮೇಲೆ ದೊಡ್ಡಪ್ಪ ತೀರಿಕೊಂಡರು, ನಾವು ಮನೆ ಬದಲಾಯಿಸಿದ್ವಿ. ಹಳೇ ಫೋನ್ ನಂಬರೂ ಹೋಯ್ತು. ಉಳಿದದ್ದು ಅಣ್ಣನೇ ಮಾಡಿಕೊಟ್ಟಿದ್ದ ಇಮೇಲ್ ಐಡಿ ಒಂದೇ. ಅವನು ಬರೋದಿದ್ರೆ ಆ ದಾರೀಲೇ ಬರಬೇಕು ಅಂತ ದೊಡ್ಡಮ್ಮ ದಿನಾ ತೆಗೆದು ನೋಡ್ತಾಳೆ.

“ಬರೆದುಬಿಟ್ಟ ಕಣೇ!” ಅಂತ ಅಡುಗೆಮನೆಗೆ ಓಡಿಬಂದಳು. ಹೇಗೆ ಹೇಳಲಿ? ಕೂರಿಸಿ ಹೇಳಿದೆ. ಇದೇ ಮೇಲ್ ಊರಿನ ಅಮ್ಮಂದಿರಿಗೆಲ್ಲ ಹೋಗಿದೆ, ಮಕ್ಕಳೇ ಇಲ್ಲದವರಿಗೂ ಹೋಗಿದೆ, ಇದು ಅಣ್ಣನಲ್ಲ ಅಂದೆ. ಎಲ್ಲದಕ್ಕೂ ತಲೆ ಆಡಿಸಿದಳು. ನಾನು ಅದನ್ನ ಸ್ಪ್ಯಾಮ್‌ಗೆ ತಳ್ಳಿ ಆಫೀಸಿಗೆ ಹೋದೆ. ಮಹಾತಾಯಿ, ನಾನು ಮೆಟ್ಟಿಲು ಇಳಿಯೋದನ್ನೇ ಕಾದಿದ್ದು ‘ಇದು ಸ್ಪ್ಯಾಮ್ ಅಲ್ಲ’ ಅಂತ ಒತ್ತಿ ಈಚೆಗೆ ತಂದುಕೊಂಡಿದ್ದಾಳೆ.

ಅವಳೊಬ್ಬಳೇ ಅಲ್ಲ. ಆಫೀಸಿನಲ್ಲಿ ನೋಡಿದ್ರೆ ಎಲ್ಲ ಕಡೆ ಅಮ್ಮಂದಿರು ಅದನ್ನೇ ಒತ್ತುತ್ತಿದ್ದಾರೆ. ಜನ ಒತ್ತಿದ್ದನ್ನ ನೋಡಿ ಕಲಿಯೋದು ಫಿಲ್ಟರಿನ ಗುಣ. ಓಹೋ, ಇದು ಒಳ್ಳೇ ಮೇಲು ಅಂತ ಕಲಿತು ಬಾಗಿಲು ಅಗಲ ತೆರೀತು. ನನಗೆ ಮೈ ಪರಚಿಕೊಳ್ಳೋ ಹಾಗಾಯ್ತು.

ಕೊನೆಗೆ ಒಂದೇ ದಾರಿ. ಯಾವತ್ತೂ ಬರೆಯದ ಹೊಸ ಐಡಿಯಿಂದ ‘ಅಮ್ಮ’ ಅಂತ ಬಂದದ್ದೆಲ್ಲ ಸೀದಾ ಸ್ಪ್ಯಾಮ್‌ಗೆ, ಯಾರು ಏನೇ ಒತ್ತಲಿ. ಆ ನಿಯಮ ಜಾರಿಗೆ ತರೋ ಮುಂಚೆ, ಅಣ್ಣ ಬರೆದ್ರೆ ಹೇಗೆ ಬರೀತಾನೋ ಹಾಗೆ ನಾನೇ ಹೊಸ ಐಡಿಯಿಂದ ಒಂದು ಮೇಲ್ ಬರೆದು ನೋಡಿದೆ. ಅವನ ಧಾಟಿ, ಅವನ ಒರಟು ತಮಾಷೆ, ಎಲ್ಲ ಹಾಕಿದೆ. ಫಿಲ್ಟರ್ ಕಣ್ಣೂ ಮಿಟುಕಿಸದೆ ಎತ್ತಿ ಎಸೀತು.

ನಮ್ಮ ಮೇಲಿನವರಿಗೆ ನಾವಿಟ್ಟ ಹೆಸರು ‘ಹುಂ’. ಅವರ ಹತ್ತಿರ ಹೋಗಿ, “ಸರ್, ನಿಜವಾದ ಮಗ ಬರೆದ್ರೂ ಇದು ಎಸೆಯುತ್ತೆ” ಅಂದೆ.

“ಅಂಥ ಮಕ್ಕಳು ಎಷ್ಟು ಜನ ಇರಬಹುದು?”

“ನನಗೆ ಗೊತ್ತಿರೋದು ಒಬ್ಬ.”

“ಹುಂ,” ಅಂದರು. ನಿಯಮ ಅವತ್ತೇ ಜಾರಿಗೆ ಬಂತು.

ಮನೆಗೆ ಬಂದು ದೊಡ್ಡಮ್ಮನಿಗೆ ಮಾತು ಕೊಟ್ಟೆ. ದಿನಾ ಸಂಜೆ ಇಬ್ಬರೂ ಕೂತು ಸ್ಪ್ಯಾಮ್ ಡಬ್ಬಿ ಕೆದಕೋಣ, ಅಣ್ಣನ ಹಾಗೆ ಕಂಡ್ರೆ ಅವನಿಗೆ ಮಾತ್ರ ಗೊತ್ತಿರೋದೇನಾದ್ರೂ ಕೇಳಿ ಪರೀಕ್ಷೆ ಮಾಡು ಅಂದೆ. “ಆಯ್ತು ಬಿಡೇ, ಅಷ್ಟೂ ತಿಳಿಯಲ್ವಾ ನನಗೆ?” ಅಂದಳು.

ಒಂದು ಸಂಜೆ ಅವಳು ಕಳಿಸಿದ ಉತ್ತರಗಳು ಕಣ್ಣಿಗೆ ಬಿದ್ದವು. ಒಂದಲ್ಲ, ಎರಡಲ್ಲ. ‘ನೀನು ನನ್ನ ಮೊಂಡ ತಾನೇ? ಚಿಕ್ಕವನಿದ್ದಾಗ ಮೆಷಿನ್ ಸೂಜಿ ಚುಚ್ಚಿದ ಎಡಗೈ ಬೆರಳು ಈಗಲೂ ನೋಯುತ್ತಾ? ಅಪ್ಪ ಬೈದಿದ್ದನ್ನ ಮನಸ್ಸಲ್ಲಿಟ್ಟುಕೋಬೇಡ.’ ಯಾವ ಯಾವ ಕಳ್ಳನಿಗೋ, ಎಲ್ಲರಿಗೂ ಅದೇ ಪಾಠ!

“ದೊಡ್ಡಮ್ಮಾ! ಪ್ರಶ್ನೆ ಒಳಗೇ ಉತ್ತರ ಇಟ್ಟು ಕೊಟ್ಟಿದ್ದೀಯಲ್ಲ!” ಅಂತ ಕಿರುಚಿದೆ.

“ಪಾಪ, ಅವನಿಗೆ ಮರೆತುಹೋಗಿದ್ರೆ?” ಅಂದಳು.

ಅಣ್ಣನನ್ನ ಗುರುತಿಸೋಕೆ ನಮ್ಮ ಹತ್ತಿರ ಇದ್ದದ್ದೇ ಆ ಮೂರು ಗುಟ್ಟು. ಅಷ್ಟನ್ನೂ ಬೀದಿಗೆ ಹಂಚಿಬಿಟ್ಟಿದ್ದಳು. ಸಿಟ್ಟಿಗೆ ಅವತ್ತು ಊಟ ಕೂಡ ಬಿಟ್ಟೆ. ಅವಳು ತಟ್ಟೆ ಮುಚ್ಚಿಟ್ಟು ಹೋಗಿ ಮಲಗಿದಳು.

ಮೊನ್ನೆ ಭಾನುವಾರ ಸ್ಪ್ಯಾಮ್ ಡಬ್ಬಿಗೆ ಅದು ಬಂತು. ಹೊಸ ಐಡಿ.

‘ಅಮ್ಮ, ನಾನು ಮೊಂಡ. ಬೆರಳು ಚಳಿಗೆ ಮಾತ್ರ ಹಿಡ್ಕೊಳ್ಳುತ್ತೆ. ಅಪ್ಪನ ಸಿಟ್ಟು ಇಳೀತಾ? ನಿನ್ನ ಕಣ್ಣು ಹೇಗಿದೆ? ಲೈಟ್ ಹಾಕ್ಕೊಂಡು ಹೊಲಿ.’

ಕಣ್ಣಿನ ವಿಷಯ ಅವಳು ಯಾರಿಗಾದ್ರೂ ಬರೆದಿದ್ದಳಾ ಅಂತ ಕಳಿಸಿದ್ದೆಲ್ಲ ಜಾಲಾಡಿದೆ. ‘ಹೊಲೀತಾ ಕಣ್ಣು ಸೋತಿದೆ ಮಗ’ ಅಂತ ಒಂದು ಕಡೆ ಇತ್ತು. ಲೈಟಿನ ಮಾತು ಎಲ್ಲೂ ಇರಲಿಲ್ಲ. ಅಣ್ಣ ದಿನಾ ಹಾಗೇ ಗದರ್ತಿದ್ದ, ಹೌದು. ಆದ್ರೆ ಕಣ್ಣು ಸೋತವಳಿಗೆ ಯಾರು ಬೇಕಾದ್ರೂ ಹೇಳೋ ಮಾತು ಅದು. ಮೇಲ್ ಯಾವ ಯಾವ ಕಂಪ್ಯೂಟರ್ ಹಾದು ಬಂತು ಅಂತ ಬಗೆದು ನೋಡಿದೆ. ಅಲ್ಲೂ ಏನೂ ಸಿಗಲಿಲ್ಲ. ಇಷ್ಟು ವರ್ಷ ಇದೇ ಕೆಲಸ ಮಾಡಿದವಳು ನಾನು, ಬಂದ ಮೇಲ್ ನಿಜವೋ ಸುಳ್ಳೋ ಹೇಳೋಕಾಗದೆ ಕೈ ಚೆಲ್ಲಿ ಕೂತೆ. ಸುಳ್ಳಾದ್ರೆ ಇವಳನ್ನ ನುಂಗಿ ನೀರು ಕುಡೀತಾರೆ. ನಿಜವಾಗಿದ್ದು ನಾನು ಅಳಿಸಿಬಿಟ್ರೆ, ಅವನು ಎರಡನೇ ಸಲ ಬರೆಯೋ ಜಾತಿಯಲ್ಲ.

“ಏನೇ ಅದು? ಕಳ್ಳರದ್ದಾ?” ದೊಡ್ಡಮ್ಮ ನನ್ನ ಭುಜ ಹಿಡಿದು ಬಗ್ಗಿ ನಿಂತಿದ್ದಳು.

ಹೌದು ಅಂದುಬಿಟ್ಟಿದ್ರೆ ಮುಗೀತಿತ್ತು.

“ಗೊತ್ತಾಗ್ತಿಲ್ಲ ದೊಡ್ಡಮ್ಮ.”

“ನಿನಗೆ? ನಿನಗೂ ಗೊತ್ತಾಗ್ತಿಲ್ವಾ?”

“ಇಲ್ಲ.”

ಅವಳ ಮುಖ ಅರಳಿತು. “ಎಂಥೆಂಥವರನ್ನ ಹಿಡಿದವಳು ನೀನು. ನಿನ್ನ ಕೈಗೇ ಸಿಗ್ತಿಲ್ಲ ಅಂದ್ರೆ, ಅವನೇ ಕಣೇ. ನಮ್ಮ ಮೊಂಡನೇ!” ಅಂದಳು.

ಅದು ಹಾಗಲ್ಲ ದೊಡ್ಡಮ್ಮ ಅಂದೆ. ಅಳುನೂ ಬಂತು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನನ್ನ ಕುರ್ಚಿಯಿಂದ ಎಬ್ಬಿಸಿ ತಾನು ಕೂತು, ಒಂದೊಂದೇ ಅಕ್ಷರ ಹುಡುಕಿ ಬರೆದಳು. ಅಪ್ಪ ಇಲ್ಲ ಮಗ. ಹಗಲೆಲ್ಲ ಮನೇಲಿ ನಾನೊಬ್ಬಳೇ ಇರ್ತೀನಿ, ಯಾವಾಗ ಬೇಕಾದ್ರೂ ಬಾ, ಚಿಲಕ ಹಾಕಿರಲ್ಲ. ಬೀದಿ ಹೆಸರು, ಮನೆ ನಂಬರ್ ಎಲ್ಲ ಬರೆದಳು. ಕೀಲಿಮಣೆ ಕಿತ್ತುಕೊಳ್ಳೋಕೆ ಕೈ ಚಾಚಿದೆ, ಅಣ್ಣನೇ ಆಗಿದ್ರೆ ಅನ್ನಿಸಿ ಕೈ ಅಲ್ಲೇ ನಿಂತುಬಿಡ್ತು.

“ಈ ಹೊಸ ಮನೆ ಪಿನ್‌ಕೋಡ್ ಎಷ್ಟೇ?” ಅಂದಳು, ಪರದೆಯಿಂದ ಕಣ್ಣು ತೆಗೆಯದೆ.

ಹೇಳಿದೆ.